ಕುದ್ಮುಲ್ ರಂಗರಾವ್ ಬಿಡಿಸದ ನಕ್ಷೆ

ಊರಿಗೆ ಹೋದಾಗಲೆಲ್ಲ ನನಗೊಂದು ಚಟ. ಶಂಕರನಾರಾಯಣ ದೇವಸ್ಥಾನದ ಹತ್ತಿರ ನಿಂತು ಫೋನಿನಲ್ಲಿ ದಿಶಾಂಕ್ ಆ್ಯಪ್ ತೆರೆಯುವುದು, ನಿಂತ ಜಾಗದ ಸರ್ವೆ ನಂಬರ್ ನೋಡುವುದು, ಆಮೇಲೆ ಸುಮ್ಮನೆ ನಡೆಯುವುದು. ಪೇಟೆ, ಬೈಲು, ಅಡಿಕೆ ತೋಟ ದಾಟಿ ಗುಡ್ಡೆ ಹತ್ತುವಷ್ಟರಲ್ಲಿ ಪಹಣಿಯ ಭಾಷೆಯೇ ಬದಲಾಗುತ್ತದೆ. ವರ್ಗ, ಕುಮ್ಕಿ, ಸರ್ಕಾರಿ, ಅರಣ್ಯ. ನಮ್ಮ ಕರಾವಳಿಯ ಬಹುತೇಕ ಊರುಗಳಲ್ಲಿ ಹೀಗೆ ನಡೆದರೆ ಕಾಲನಿ ಎಲ್ಲಿದೆ ಅಂತ ಯಾರನ್ನೂ ಕೇಳಬೇಕಾಗಿಲ್ಲ ಮಾರಾಯ್ರೆ, ರಸ್ತೆ ಮುಗಿದಲ್ಲಿ ಅದು ಶುರುವಾಗುತ್ತದೆ.

ಕುಮ್ಕಿ ಗೊತ್ತಿಲ್ಲದವರಿಗೆ ಎರಡು ಮಾತು. ಹಳೆಯ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಕದೀಂ ವರ್ಗ ಜಮೀನಿನ ಗಡಿಯಿಂದ 450 ಗಜದೊಳಗಿನ ಸರ್ಕಾರಿ ಭೂಮಿಯಲ್ಲಿ ಸೊಪ್ಪು, ಸೌದೆ, ಮೇವಿನ ಸವಲತ್ತು ವರ್ಗದಾರನಿಗೆ ಸೇರಿದ್ದು. ಎಂಜಿನಿಯರಿಂಗ್ ಓದುವಾಗ ನಕ್ಷೆ ಸಾಫ್ಟ್‌ವೇರಿನಲ್ಲಿ ಇಂಥದ್ದಕ್ಕೆ ನಾವು ಬಫರ್ ಅನ್ನುತ್ತಿದ್ದೆವು. ಭೂಮಿ ಇದ್ದವನ ಸುತ್ತ 450 ಗಜದ ಬಳೆ. ಇಲ್ಲದವನ ಸುತ್ತ ಸೊನ್ನೆ.

ಈ ಸೊನ್ನೆಯ ಜೊತೆ ಜಗಳಕ್ಕೆ ನಿಂತ ಒಬ್ಬರು ಮಂಗಳೂರಿನಲ್ಲಿದ್ದರು. ಅಲ್ಲಿನ ಪುರಭವನಕ್ಕೆ ಈಗ ಅವರದೇ ಹೆಸರು. ಆದರೂ ರಿಕ್ಷಾದವರಿಗೆ ಟೌನ್‌ಹಾಲ್ ಅಂದರೇ ಅರ್ಥವಾಗುವುದು.

ಕುದ್ಮುಲ್ ರಂಗರಾವ್ ಹುಟ್ಟಿದ್ದು 1859ರ ಜೂನ್ 29ರಂದು, ಕಾಸರಗೋಡು ಕಡೆಯ ಕುದ್ಮುಲ್‌ನಲ್ಲಿ. ಸಾರಸ್ವತ ಬ್ರಾಹ್ಮಣ ಮನೆತನ. ತಂದೆ ತೀರಿಕೊಂಡ ಮೇಲೆ ಕೆಲಸ ಹುಡುಕಿಕೊಂಡು ಮಂಗಳೂರಿಗೆ ಬಂದರು. ಮೊದಲು ಮೇಷ್ಟ್ರಾದರು, ಆಮೇಲೆ ಪ್ಲೀಡರ್ ಪರೀಕ್ಷೆ ಪಾಸು ಮಾಡಿ ವಕೀಲರಾದರು. ಫೀಸು ಕೊಡಲಾಗದವರ ಕೇಸನ್ನೂ ಹಿಡಿಯುವ ವಕೀಲರು ಅಂತ ಹೆಸರಾಯಿತು. ಉಳ್ಳಾಲ ರಘುನಾಥಯ್ಯನವರು ಮಂಗಳೂರಿನಲ್ಲಿ ಕಟ್ಟಿದ್ದ ಬ್ರಹ್ಮ ಸಮಾಜಕ್ಕೂ ಸೇರಿದರು. ಇಷ್ಟಕ್ಕೇ ನಿಂತಿದ್ದರೆ ಪೇಟೆಯ ಸಭ್ಯ ಸುಧಾರಕರ ಪಟ್ಟಿಯಲ್ಲಿ ಇನ್ನೊಂದು ಹೆಸರಾಗಿ ಉಳಿಯುತ್ತಿದ್ದರು.

1892ರಲ್ಲಿ ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗೆ ಒಂದು ಶಾಲೆ ತೆರೆದರು. ಶಾಲೆ ಅಂದರೆ ಒಂದು ಬಾಡಿಗೆ ಜಾಗ. ಕಲಿಸಲು ಮೇಲ್ಜಾತಿಯ ಮೇಷ್ಟ್ರುಗಳು ಬರಲಿಲ್ಲ, ಕ್ರೈಸ್ತ ಶಿಕ್ಷಕರು ಬಂದರು. ಮಕ್ಕಳು ಹಸಿದು ಬರುತ್ತಿದ್ದರು, ಮಧ್ಯಾಹ್ನ ಊಟ ಹಾಕಿದರು. ಇದನ್ನೆಲ್ಲ ಹೇಗೋ ನಿಭಾಯಿಸಬಹುದಿತ್ತು. ನಿಭಾಯಿಸಲಾಗದ್ದು ಜಾಗದ ಪ್ರಶ್ನೆ. ನೆರೆಕರೆಯವರ ವಿರೋಧಕ್ಕೆ ಶಾಲೆ ಅಲ್ಲಿಂದ ಏಳಬೇಕಾಯಿತು, ಕೊನೆಗೆ ಕೊಡಿಯಾಲ್‌ಬೈಲ್ ಕಡೆಯ ಗುಡ್ಡದ ಮೇಲೆ ಸ್ವಂತ ನೆಲೆ ಕಂಡಿತು. ಪಾಠದ ಪುಸ್ತಕ ಎಷ್ಟೇ ಇದ್ದರೂ ಕಾಲ ಕೆಳಗಿನ ನೆಲ ಇನ್ನೊಬ್ಬರದಾಗಿದ್ದರೆ ಶಾಲೆ ನಿಲ್ಲುವುದಿಲ್ಲ ಅನ್ನುವುದನ್ನು ರಂಗರಾವ್ ಕಲಿತದ್ದು ಇಲ್ಲೇ ಅಂತ ನನ್ನ ಊಹೆ. 1897ರಲ್ಲಿ ಅವರು ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದಾಗ ಅದರ ಉದ್ದೇಶಗಳಲ್ಲಿ ಶಿಕ್ಷಣ, ಸರ್ಕಾರಿ ಕೆಲಸ, ಆತ್ಮಗೌರವದ ಜೊತೆಗೆ ಒಳ್ಳೆಯ ವಸತಿಯೂ ಇತ್ತು.

ಅದೇ ಹೊತ್ತಿಗೆ ಜಗತ್ತಿನ ಬೇರೆ ಕಡೆ ಎಂತ ಆಗುತ್ತಿತ್ತು ನೋಡಿ. 1889ರಲ್ಲಿ ಚಾರ್ಲ್ಸ್ ಬೂತ್ ಲಂಡನ್ನಿನ ಬೀದಿಗಳಿಗೆ ಬಡತನದ ಲೆಕ್ಕದಲ್ಲಿ ಬಣ್ಣ ಹಚ್ಚಿದ ನಕ್ಷೆ ಹೊರತಂದ, ತೀರಾ ಕೆಳಗಿನವರ ಬೀದಿಗೆ ಕಪ್ಪು. 1896-97ರಲ್ಲಿ ಡಬ್ಲ್ಯು.ಇ.ಬಿ. ಡುಬಾಯ್ಸ್ ಫಿಲಡೆಲ್ಫಿಯಾದ ಏಳನೇ ವಾರ್ಡಿನಲ್ಲಿ ಮನೆಮನೆ ಬಾಗಿಲು ತಟ್ಟಿ ಕಪ್ಪು ಜನರ ವಸತಿಯ ಲೆಕ್ಕ ಬರೆದ. ನಕ್ಷೆ ಮೂಲಕ ಅಸಮಾನತೆ ತೋರಿಸುವ ವಿದ್ಯೆಯ ಚರಿತ್ರೆ ಹೇಳುವಾಗ ಈ ಇಬ್ಬರನ್ನು ಬಿಡುವುದಿಲ್ಲ. ರಂಗರಾವ್ ಯಾವ ನಕ್ಷೆಯನ್ನೂ ಬಿಡಿಸಿದವರಲ್ಲ. ಬಿಡಿಸುವ ಅಗತ್ಯವೂ ಇರಲಿಲ್ಲ ಅನ್ನಿ. ಯಾರು ಎಲ್ಲಿರಬೇಕು, ಯಾವ ಬಾವಿ ಯಾರದ್ದು, ಯಾವ ದಾರಿಯಲ್ಲಿ ಯಾರು ನಡೆಯಬಾರದು, ಇದು ಮಂಗಳೂರಿನ ಪ್ರತಿ ಮನುಷ್ಯನಿಗೂ ಬಾಯಿಪಾಠ. ನಮ್ಮಲ್ಲಿ ಜಾತಿಯ ಭೂ-ದತ್ತಾಂಶ ಯಾವತ್ತೂ ಗುಟ್ಟಾಗಿರಲಿಲ್ಲ, ದೂರ ಇಡುವ ಕೆಲಸಕ್ಕೆ ದಿನಾ ಬಳಕೆಯಾಗುತ್ತಿತ್ತು. ರಂಗರಾವ್ ಅದೇ ತಿಳಿವಳಿಕೆಯನ್ನು ತಿರುಗಿಸಿ ಹಿಡಿದರು. ಎಲ್ಲಿ ನೆಲವಿಲ್ಲವೋ ಅಲ್ಲಿ ನೆಲ ಕೇಳಿದರು. ಮಂಗಳೂರಿನ ಸುತ್ತ ಸರ್ಕಾರದಿಂದ ಜಾಗ ಪಡೆದು ದಲಿತ ಕುಟುಂಬಗಳಿಗೆ ಮನೆ ಮಾಡಿಸಿದರು. ಅತ್ತಾವರ, ಮುಲ್ಕಿ, ಉಡುಪಿ ಅಂತ ಶಾಲೆಗಳು ಹಬ್ಬಿದವು. ನೇಯ್ಗೆ, ಮರಗೆಲಸ ಕಲಿಸುವ ವ್ಯವಸ್ಥೆಯೂ ಬಂತು.

ಊರು ಸುಮ್ಮನಿರಲಿಲ್ಲ. ಸ್ವಂತ ಸಮುದಾಯದವರೇ ಅವರನ್ನು ಬಹಿಷ್ಕರಿಸಿದರು, ಕ್ಷೌರಿಕ, ಮಡಿವಾಳರು ಮನೆಗೆ ಬರುವುದೂ ನಿಂತಿತು. ಮನೆ ಇದ್ದಲ್ಲೇ ಇತ್ತು, ಅದರ ಸುತ್ತಲಿನ ಊರು ಹಿಂದೆ ಸರಿಯಿತು. ಅವರು ಜಗ್ಗಲಿಲ್ಲ. ಮಗಳು ರಾಧಾಬಾಯಿ ತಮಿಳುನಾಡಿನ ಗೌಂಡರ್ ಜಮೀನ್ದಾರಿ ಮನೆತನದ ಪಿ. ಸುಬ್ಬರಾಯನ್ ಅವರನ್ನು ಮದುವೆಯಾದರು. ಅಳಿಯ 1926ರಲ್ಲಿ ಮದ್ರಾಸ್ ಪ್ರಾಂತ್ಯದ ಮುಖ್ಯಮಂತ್ರಿಯಾದರೆ, ಮಗಳು 1930ರಲ್ಲಿ ಲಂಡನ್ನಿನ ದುಂಡುಮೇಜಿನ ಪರಿಷತ್ತಿಗೆ ಹೋದರು. ರಂಗರಾವ್ ಮಾತ್ರ 1927ರಲ್ಲಿ ಸನ್ಯಾಸ ಪಡೆದು ಈಶ್ವರಾನಂದರಾದರು. 1928ರ ಜನವರಿ 30ರಂದು ತೀರಿಕೊಂಡಾಗ, ಅವರದೇ ಇಚ್ಛೆಯಂತೆ ದಲಿತರೇ ಅಂತ್ಯಕ್ರಿಯೆ ಮಾಡಿದರು. ಆರು ವರ್ಷದ ನಂತರ ಮಂಗಳೂರಿಗೆ ಬಂದ ಗಾಂಧಿ, ಈ ಕೆಲಸದಲ್ಲಿ ರಂಗರಾವ್ ತಮಗೆ ಗುರು ಎಂದು ಒಪ್ಪಿಕೊಂಡು ಹೋದರು.

ಓದಿದ ದಲಿತ ಮಕ್ಕಳು ಕಾರಿನಲ್ಲಿ ಓಡಾಡಬೇಕು, ಆ ಕಾರಿನ ಧೂಳು ತನ್ನ ತಲೆಗೆ ತಾಗಬೇಕು ಅನ್ನುವುದು ಅವರ ಆಸೆಯಾಗಿತ್ತು. ಪ್ರತಿ ಜಯಂತಿಯಲ್ಲೂ ಎಲ್ಲ ಪಕ್ಷದವರೂ ಧೂಳಿನ ಈ ಕಥೆ ಹೇಳುತ್ತಾರೆ. ನೆಲದ ಕಥೆ ಹೇಳುವವರು ಕಮ್ಮಿ. ಯಾಕಂದರೆ ನೆಲದ ಕಥೆ ಹೇಳಹೊರಟರೆ ಡಿ.ಸಿ. ಮನ್ನಾ ಭೂಮಿ ಎಲ್ಲಿ ಹೋಯಿತು ಅಂತ ಕೇಳಬೇಕಾಗುತ್ತದೆ. ಬ್ರಿಟಿಷ್ ಕಾಲದಲ್ಲಿ ಡಿಪ್ರೆಸ್ಡ್ ಕ್ಲಾಸ್‌ನವರಿಗೆಂದೇ ಕಾದಿರಿಸಿದ ಜಾಗ ಅದು. ಅದನ್ನು ಗುರುತಿಸಿ, ಒತ್ತುವರಿ ಬಿಡಿಸಿ ಹಂಚಿ ಅಂತ ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗಳ ದಲಿತ ಸಂಘಟನೆಗಳು ವರ್ಷಗಟ್ಟಲೆ ಕೇಳುತ್ತಲೇ ಇವೆ.

ಇದು ಹಳ್ಳಿಯ ಕಥೆ, ನಗರದಲ್ಲಿ ಹಾಗಿಲ್ಲ ಅನ್ನುವವರಿಗೆ ಬೆಂಗಳೂರಿನ ಐಐಎಂ ಮೂಲಕ 2018ರಲ್ಲಿ ಬಂದ ಒಂದು ಅಧ್ಯಯನ ಇದೆ. ನವೀನ್ ಭಾರತಿ, ದೀಪಕ್ ಮಲ್ಘಾನ್, ಅಂದಲೀಬ್ ರೆಹಮಾನ್ ಸೇರಿ ಬೆಂಗಳೂರು ಸಹಿತ ಐದು ಮಹಾನಗರಗಳ 2011ರ ಜನಗಣತಿಯನ್ನು ಗಣತಿ ಬ್ಲಾಕ್ ಮಟ್ಟದಲ್ಲಿ ನೋಡಿದರು. ಬ್ಲಾಕ್ ಅಂದರೆ ನೂರು ಚಿಲ್ಲರೆ ಮನೆ. ವಾರ್ಡ್ ಮಟ್ಟದಲ್ಲಿ ಎಲ್ಲ ಜಾತಿಯವರೂ ಕಲೆತು ಬದುಕುತ್ತಿರುವ ಹಾಗೆ ಕಾಣುವ ಜಾಗದಲ್ಲೇ, ಬ್ಲಾಕ್ ಮಟ್ಟಕ್ಕೆ ಇಳಿದರೆ ದಲಿತರ ಗಲ್ಲಿ ಬೇರೆ, ಉಳಿದವರ ಬೀದಿ ಬೇರೆ. ಮಂಗಳೂರಿನ 60 ವಾರ್ಡುಗಳ ಸರಾಸರಿ ಹಿಡಿದುಕೊಂಡು ಕೂತರೆ ನಮಗೂ ಏನೂ ಕಾಣಲಿಕ್ಕಿಲ್ಲ.

2025ರ ಸೆಪ್ಟೆಂಬರಿನಲ್ಲಿ ಶುರುವಾದ ರಾಜ್ಯದ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಗೆ ಕರೆಂಟ್ ಮೀಟರ್ ಆಧಾರದಲ್ಲಿ ಮನೆಗಳಿಗೆ ಜಿಯೋ-ಟ್ಯಾಗ್ ಮಾಡಿ, ಬಾಗಿಲಿಗೆ ಸ್ಟಿಕ್ಕರ್ ಅಂಟಿಸಿದರು. ಅಂದರೆ ಜಾತಿಯ ಮಾಹಿತಿ ಇರುವ ಮನೆ ಈಗ ನಕ್ಷೆಯ ಮೇಲೆ ಒಂದು ಚುಕ್ಕೆ. ಈ ಚುಕ್ಕೆಗಳನ್ನು ನೋಡಿದರೆ ನನಗೆ ಖುಷಿಯೂ ಹೌದು, ಹೆದರಿಕೆಯೂ ಹೌದು. ಬಾಡಿಗೆ ಮನೆ ಕೇಳಲು ಹೋದಾಗ ಅಡ್ಡಹೆಸರು, ಊಟದ ನೆಪದಲ್ಲಿ ಜಾತಿ ಕೆದಕುವ ಮಾಲೀಕರ ಕೈಗೆ ಒಂದೊಂದು ಮನೆಯ ಚುಕ್ಕೆ ಸಿಗಬಾರದು. ಆದರೆ ಬ್ಲಾಕ್ ಮಟ್ಟಕ್ಕೆ ಒಟ್ಟುಗೂಡಿಸಿದ ಲೆಕ್ಕವನ್ನು, ಹೆಸರು ವಿಳಾಸ ತೆಗೆದು, ನೀರು, ಚರಂಡಿ, ಪಕ್ಕಾ ಮನೆಯ ಲೆಕ್ಕದ ಜೊತೆ ಸೇರಿಸಿ ಪ್ರಕಟಿಸಲು ಎಂತ ಅಡ್ಡಿ? 2027ರ ಜನಗಣತಿಯಲ್ಲೂ ಜಾತಿ ಎಣಿಸುತ್ತಾರೆ, ಅಲ್ಲೂ ಕೇಳಬೇಕಾದ್ದು ಇದನ್ನೇ. ಕಂದಾಯ ಇಲಾಖೆಯವರು ಡಿ.ಸಿ. ಮನ್ನಾ ಜಾಗದ ಸರ್ವೆ ನಂಬರುಗಳನ್ನು ಗ್ರಾಮವಾರು ನಕ್ಷೆಯ ಮೇಲೆ ಗುರುತು ಹಾಕಿ, ಒಂದು ಪ್ರತಿ ಪಂಚಾಯಿತಿ ಗೋಡೆಗೆ ಅಂಟಿಸಲಿ. ಶಂಕರನಾರಾಯಣದ ಗೋಡೆಯಲ್ಲಿ ಜಾಗ ಇದೆ.