ಹೋದವರು ಬರಲಿಲ್ಲ, ಸುದ್ದಿ ಬಂತು 14 ವರ್ಷಕ್ಕೆ

ಮಡಿಕೇರಿಯ ಹಳೇ ಖಾಸಗಿ ಬಸ್ ನಿಲ್ದಾಣದ ಹತ್ತಿರ ಒಂದು ಪ್ರತಿಮೆ ಇದೆ. ದಿನಾ ನೂರಾರು ಜನ ಅದರ ಮುಂದೇ ಓಡಿ ಬಸ್ ಹಿಡೀತಾರೆ. ಕಾರ್ಯಪ್ಪ, ತಿಮ್ಮಯ್ಯ ಅಂದರೆ ಎಲ್ಲರಿಗೂ ಗೊತ್ತು. ಇವರು ಯಾರು?

ಇವರೇ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ. 1932ರಲ್ಲಿ ಕೊಡಗಿನಲ್ಲಿ ಹುಟ್ಟಿ 1954ರಲ್ಲಿ ವಾಯುಪಡೆ ಸೇರಿದವರು. 1965ರ ಹೊತ್ತಿಗೆ ಹೊಸಬರಿಗೆ ವಿಮಾನ ಹಾರಿಸಲು ಕಲಿಸುವ ಮೇಷ್ಟ್ರಾಗಿದ್ದರು. ಪಾಕಿಸ್ತಾನದ ಜೊತೆ ಯುದ್ಧ ಬಂತು. ಪಂಜಾಬಿನ ಆದಂಪುರದಲ್ಲಿದ್ದ ಒಂದನೇ ಸ್ಕ್ವಾಡ್ರನ್‌ಗೆ ಅವರನ್ನು ಹಾಕಿದರು.

1965ರ ಸೆಪ್ಟೆಂಬರ್ 7, ನಸುಕು. ಸರ್ಗೋಧಾ ವಿಮಾನ ನೆಲೆಯ ಮೇಲೆ ದಾಳಿಗೆ 12 ಮಿಸ್ಟೇರ್ ವಿಮಾನಗಳು ಸಿದ್ಧವಾದವು. ದೇವಯ್ಯ ಆ 12ರಲ್ಲಿ ಇರಲೇ ಇಲ್ಲ! ಯಾವುದಾದರೂ ಕೈಕೊಟ್ಟರೆ ಇರಲಿ ಅಂತ ಇಟ್ಟುಕೊಂಡ ಹೆಚ್ಚುವರಿಯಲ್ಲಿ ಅವರೊಬ್ಬರು. ಒಂದು ಜಾಗ ತೆರವಾಯಿತು, ಹೊರಟೇಬಿಟ್ಟರು.

ಜೊತೆಗಾರರು ವಾಪಸು ಬಂದರು. ದೇವಯ್ಯ ಬರಲಿಲ್ಲ. ಏನಾಯಿತೆಂದು ಕಂಡವರಿಲ್ಲ. ಕಾಗದದಲ್ಲಿ ಕಾಣೆಯಾದವರು ಎಂದು ಬರೆದಾಯಿತು. ಆಗ ಅವರಿಗೆ 32 ವರ್ಷ.

ಗುಟ್ಟು ಬಿಚ್ಚಿದ್ದು 1979ರಲ್ಲಿ. ಜಾನ್ ಫ್ರಿಕರ್ ಎಂಬ ಇಂಗ್ಲಿಷ್ ಲೇಖಕ ಪಾಕಿಸ್ತಾನದ ಕಡೆಯ ಯುದ್ಧದ ಕಥೆ ಬರೆದ. ಅಂದು ಅಮ್ಜದ್ ಹುಸೇನ್ ಎಂಬ ಪೈಲಟ್ ಸ್ಟಾರ್‌ಫೈಟರ್ ವಿಮಾನದಲ್ಲಿ ಒಂದು ಮಿಸ್ಟೇರನ್ನು ಹೊಡೆದಿದ್ದ. ಸ್ಟಾರ್‌ಫೈಟರ್ ಅಂದರೆ ಶಬ್ದದ ಎರಡು ಪಟ್ಟು ವೇಗದ ಅಮೆರಿಕನ್ ವಿಮಾನ. ಅದರ ಮುಂದೆ ಮಿಸ್ಟೇರ್ ಏನೇನೂ ಅಲ್ಲ. ಆದರೂ ಏಟು ತಿಂದ ಮಿಸ್ಟೇರ್ ಓಡಲಿಲ್ಲ. ತಿರುಗಿ ನಿಂತು ಕಾದಾಡಿ ಸ್ಟಾರ್‌ಫೈಟರನ್ನೇ ಕೆಡವಿತು. ಅಮ್ಜದ್ ಪ್ಯಾರಾಚೂಟ್‌ನಲ್ಲಿ ಹಾರಿ ಬದುಕಿದ.

ಆ ದಾಳಿಯಿಂದ ಬಾರದ ಮಿಸ್ಟೇರ್ ದೇವಯ್ಯನವರದು. ಲೆಕ್ಕ ಹೊಂದಿತು. ದಾಳಿಯ ನಾಯಕರಾಗಿದ್ದ ತನೇಜಾ ವಿಷಯವನ್ನು ವಾಯುಪಡೆಗೆ ಬರೆದು ತಿಳಿಸಿದರು. 1988ರಲ್ಲಿ ಸರ್ಕಾರ ಮಹಾವೀರ ಚಕ್ರ ಕೊಟ್ಟಿತು. ಪದಕ ತೆಗೆದುಕೊಂಡವರು ಪತ್ನಿ. ಅಲ್ಲಿನ ಹಳ್ಳಿಯವರೇ ದೇಹವನ್ನು ಹೊಲದಲ್ಲಿ ಮಣ್ಣು ಮಾಡಿದ್ದರು ಅನ್ನೋದೂ ಆಮೇಲೆ ಗೊತ್ತಾಯಿತು. ಊರಿನ ಮಣ್ಣು ಅವರಿಗೆ ಸಿಗಲೇ ಇಲ್ಲ.

ಮಡಿಕೇರಿಯಲ್ಲಿ ಪ್ರತಿಮೆ ನಿಂತಿದ್ದು 2020ರ ಸೆಪ್ಟೆಂಬರ್ 7ರಂದು. ಅಷ್ಟೊತ್ತಿಗೆ 55 ವರ್ಷ ಕಳೆದಿತ್ತು.

ಬಸ್ಸು ಹತ್ತು ನಿಮಿಷ ತಡವಾದರೆ ನಾವು ಕಂಡಕ್ಟರ್ ಮೇಲೆ ರೇಗುತ್ತೇವೆ. ಒಂದು ಮನೆಯವರು ಏನಾಯಿತು ಅನ್ನುವ ಒಂದು ಮಾತಿಗಾಗಿ 14 ವರ್ಷ ಕಾದರು. ಇನ್ನೊಮ್ಮೆ ಆ ಸರ್ಕಲ್‌ನಲ್ಲಿ ನಿಂತಾಗ ಒಂದು ಗಳಿಗೆ ತಲೆ ಎತ್ತಿ ನೋಡಿ. ಹೆಸರು ನೆನಪಿರಲಿ, ಅಜ್ಜಮಾಡ ದೇವಯ್ಯ.