ಗುಂಡಿಲ್ಲದ ಕೋವಿ

ಸಿಂಹಾಚಲಂ ಕಡೆಯವರು ಹೆಜ್ಜಾರ್ಲೆ ನೋಡಬೇಕಾದರೆ ಶ್ರೀಕಾಕುಳಂ ಜಿಲ್ಲೆಯ ತೇಲಿನೀಲಾಪುರಕ್ಕೆ ಹೋಗುತ್ತಾರೆ, ಮೈಸೂರು ಕಡೆಯವರು ಮದ್ದೂರಿನ ಹತ್ತಿರದ ಕೊಕ್ಕರೆ ಬೆಳ್ಳೂರಿಗೆ. ಎರಡೂ ಕಡೆ ನೋಡುವವರ ಪಾಡು ಒಂದೇ. ಹಕ್ಕಿ ತಲೆಯ ಮೇಲೆ ಹಾದುಹೋಗುತ್ತೆ, ರೆಕ್ಕೆ ಬಡಿದದ್ದೂ ಕಾಣುತ್ತೆ, ಆದರೆ ಹೇಗೆ ಬಡಿಯಿತು ಅಂದರೆ ಹೇಳಲಿಕ್ಕಾಗೋಲ್ಲ. ಈಗಿನ ಕ್ಯಾಮೆರಾದವರು ಸೆಕೆಂಡಿನ ಎರಡು ಸಾವಿರದಲ್ಲೊಂದು ಪಾಲಿನಲ್ಲಿ ಆ ರೆಕ್ಕೆಯನ್ನು ನಿಲ್ಲಿಸಿಬಿಡುತ್ತಾರೆ. ಈ ವಿದ್ಯೆಗೆ ಒಬ್ಬ ಮೂಲಪುರುಷನಿದ್ದಾನೆ. ಅವನು ಫೋಟೋಗ್ರಾಫರನಲ್ಲ, ನಾಡಿ ಪರೀಕ್ಷಿಸುವ ವೈದ್ಯ.

ಎಟಿಯೆನ್ ಜೂಲ್ ಮಾರೆ ಹುಟ್ಟಿದ್ದು 1830ರ ಮಾರ್ಚ್ 5ರಂದು, ಫ್ರಾನ್ಸಿನ ಬೋನ್ ಎಂಬ ದ್ರಾಕ್ಷಾರಸದ ಊರಿನಲ್ಲಿ. ಹುಡುಗನಿಗೆ ಇಂಜಿನಿಯರ್ ಆಗುವ ಆಸೆ, ಅಪ್ಪನಿಗೆ ಮಗ ಡಾಕ್ಟರಾಗಬೇಕು. ಗೆದ್ದವನು ಅಪ್ಪ. (ನಮ್ಮಲ್ಲಿ ಈ ಕಥೆ ಯಾರಿಗೆ ಹೊಸದು?) ಪ್ಯಾರಿಸಿನಲ್ಲಿ ವೈದ್ಯ ಓದಿದರೂ ಯಂತ್ರದ ಗೀಳು ಹೋಗಲಿಲ್ಲ. 1860ರ ಹೊತ್ತಿಗೆ ಮಣಿಕಟ್ಟಿಗೆ ಕಟ್ಟುವ ಸಣ್ಣ ಯಂತ್ರವೊಂದನ್ನು ಮಾಡಿದ. ನಾಡಿ ಮಿಡಿದ ಹಾಗೆಲ್ಲ ಅದು ಮಸಿ ಹಿಡಿಸಿದ ಕಾಗದದ ಮೇಲೆ ಗೆರೆ ಎಳೆಯುತ್ತಿತ್ತು. ಬೆರಳಿನ ಅಂದಾಜು ಸಾಲದು, ಚಲಿಸುವುದು ತನ್ನ ಚಲನೆಯನ್ನು ತಾನೇ ಬರೆದು ತೋರಿಸಬೇಕು ಎಂಬುದು ಅವನ ಹಟ. 1869ರಲ್ಲಿ ಕೊಲೆಜ್ ದ ಫ್ರಾನ್ಸ್‌ನಲ್ಲಿ ಪ್ರೊಫೆಸರ್ ಹುದ್ದೆ ಸಿಕ್ಕಿತು.

ನಾಡಿಯಿಂದ ಅವನ ಗಮನ ರೆಕ್ಕೆಗೆ ಹರಿಯಿತು. ಮೊದಮೊದಲು ಹಕ್ಕಿಗಳಿಗೂ ಅದೇ ಉಪಾಯ: ಮೈಗೊಂದು ಪಟ್ಟಿ ಬಿಗಿದು, ಉದ್ದನೆಯ ರಬ್ಬರ್ ನಳಿಗೆ ಸಿಕ್ಕಿಸಿ, ಕೋಣೆಯೊಳಗೆ ಹಾರಿಸುವುದು. ಗೆರೆಯೇನೋ ಬಂತು. ಆದರೆ ಹೊರೆ ಹೊತ್ತು ಹಾರುವ ಹಕ್ಕಿಯ ಹಾರಾಟ ಹಕ್ಕಿಯದೇ ಹಾರಾಟವೇ? ಮುಟ್ಟದೆ ಅಳೆಯುವ ದಾರಿ ಬೇಕಾಗಿತ್ತು.

ಆ ದಾರಿ 1878ರ ಕೊನೆಯಲ್ಲಿ ಒಂದು ಪತ್ರಿಕೆಯ ಪುಟದಲ್ಲಿ ಕಾಣಿಸಿತು. ಅಮೆರಿಕದಲ್ಲಿ ಮೈಬ್ರಿಜ್ ಎಂಬಾತ ಸಾಲು ಕ್ಯಾಮೆರಾ ಇಟ್ಟು ತೆಗೆದ ಓಡುವ ಕುದುರೆಯ ಚಿತ್ರಗಳು ಅದರಲ್ಲಿ ಅಚ್ಚಾಗಿದ್ದವು. ಹಕ್ಕಿಯನ್ನೂ ಹೀಗೇ ಹಿಡಿಯಬಹುದೇ ಎಂದು ಮಾರೆ ಕೂಡಲೇ ಕಾಗದ ಬರೆದ. 1881ರಲ್ಲಿ ಮೈಬ್ರಿಜ್ ಪ್ಯಾರಿಸಿಗೆ ಬಂದಾಗ ತಂದ ಹಕ್ಕಿಯ ಚಿತ್ರಗಳಿಂದ ಅವನಿಗೆ ತೃಪ್ತಿಯಾಗಲಿಲ್ಲ. ಕುದುರೆ ಹಾಕಿಕೊಟ್ಟ ದಾರಿಯಲ್ಲಿ ಓಡುತ್ತೆ. ಹಕ್ಕಿ ಎಲ್ಲಿ ಹಾಯುತ್ತೋ ಬಲ್ಲವರು ಯಾರು? ಅದರ ಹಿಂದೆ ತಿರುಗುವ ಕ್ಯಾಮೆರಾ ಬೇಕು.

ಹಾರುವ ಹಕ್ಕಿಗೆ ಗುರಿಯಿಟ್ಟು ತಿರುಗಬಲ್ಲ ಸಾಧನ ಜಗತ್ತಿನಲ್ಲಿ ಆಗಲೇ ಒಂದಿತ್ತು, ಬೇಟೆಗಾರನ ಕೋವಿ. 1882ರಲ್ಲಿ ಮಾರೆ ಅಂಥದೇ ಒಂದನ್ನು ಮಾಡಿಸಿದ. ನಳಿಗೆಯೊಳಗೆ ಮಸೂರ, ಹಿಂದೆ ದುಂಡನೆಯ ಪೆಟ್ಟಿಗೆ, ಅದರಲ್ಲಿ ಗಡಿಯಾರದ ಚಕ್ರಗಳಿಂದ ತಿರುಗುವ ಗಾಜಿನ ತಟ್ಟೆ. ಕುದುರೆ ಎಳೆದರೆ ಸೆಕೆಂಡಿಗೆ 12 ಚಿತ್ರ, ಒಂದೊಂದಕ್ಕೂ ಬೆಳಕು ಬೀಳುವುದು ಸೆಕೆಂಡಿನ 1/720 ಪಾಲು ಮಾತ್ರ. ಚಳಿಗಾಲದಲ್ಲಿ ಅವನು ಇಟಲಿಯ ನೇಪಲ್ಸ್ ಪಕ್ಕದ ಪೊಸಿಲ್ಲಿಪೊದಲ್ಲಿ ಇರುತ್ತಿದ್ದ. ಅಲ್ಲಿ ಸಮುದ್ರದ ಮೇಲೆ ಹಾರುವ ಗಲ್ ಹಕ್ಕಿಗಳಿಗೆ ಗುರಿ ಹಿಡಿದು ಸುತ್ತುತ್ತಿದ್ದ. ದಿನವೆಲ್ಲ ಗುರಿಯಿಡ್ತಾನೆ, ಒಂದು ಹಕ್ಕಿಯೂ ಬೀಳೋಲ್ಲ, ಆದರೂ ಖುಷಿಯಾಗಿ ಮನೆಗೆ ಹೋಗ್ತಾನೆ! ಊರವರು ಅವನನ್ನು ಮರುಳ ಅಂತಲೇ ತಿಳಿದಿದ್ದರಂತೆ.

ಕೋವಿಯ ಚಿತ್ರಗಳು ತೀರಾ ಪುಟ್ಟವು, ರೆಕ್ಕೆಯ ವಿವರ ಸಾಲದು. ಅದೇ ವರ್ಷ ಪ್ಯಾರಿಸಿನ ಅಂಚಿನಲ್ಲಿ, ಸಹಾಯಕ ಜಾರ್ಜ್ ದೆಮೆನಿಯ ಜೊತೆ, ಅವನು ಬಯಲು ಪ್ರಯೋಗಶಾಲೆಯೊಂದನ್ನು ತೆರೆದ. ಅಲ್ಲಿನ ಉಪಾಯವೇ ಬೇರೆ. ಕಪ್ಪು ಹಿನ್ನೆಲೆಯ ಮುಂದೆ ಬಿಳಿಯ ಹಕ್ಕಿಯನ್ನು ಹಾರಿಸುವುದು. ಎದುರಿಗೆ ಒಂದೇ ಒಂದು ನಿಂತ ಗಾಜು. ಅದರ ಮುಂದೆ ಸೀಳುಗಳಿರುವ ತಟ್ಟೆ ಗಿರಗಿರನೆ ತಿರುಗುತ್ತೆ. ಸೀಳು ಬಂದಾಗಲೆಲ್ಲ ಹಕ್ಕಿಯ ಒಂದು ಭಂಗಿ ಗಾಜಿನಲ್ಲಿ ಮೂಡುತ್ತೆ. ಹೆಜ್ಜಾರ್ಲೆಯೊಂದು ಇಳಿಯುವಾಗ ತೆಗೆದ ಅಂಥ ಚಿತ್ರ ತುಂಬ ಹೆಸರಾಯಿತು: ಒಂದೇ ಹಕ್ಕಿ, ನೋಡಿದರೆ ಇಡೀ ಸಾಲು. ಇಲ್ಲಿ ಒಂದು ಸೋಜಿಗವಿದೆ. ಬೇಗ ಹಾರುವ ಹಕ್ಕಿಯನ್ನು ಹಿಡಿಯುವುದೇ ಕಷ್ಟ ಅಂತ ನಾವು ತಿಳಿದಿರುತ್ತೇವೆ. ಈ ಗಾಜಿನ ಮೇಲಾದರೋ ಬೇಗ ಹಾರುವುದೇ ಸಲೀಸು, ಭಂಗಿಗಳು ದೂರ ದೂರ ಬೀಳುತ್ತವೆ. ನಿಧಾನವಾಗಿ ಹಾರುವುದು, ಗಾಳಿಯಲ್ಲಿ ನಿಂತಂತಿರುವುದು ಒಂದರ ಮೇಲೊಂದು ಕೂತು ಕಲಸಿಹೋಗುತ್ತೆ.

ಗಲ್ ಹಕ್ಕಿಯನ್ನು ಮಾತ್ರ ಅವನು ಬಿಡಲೇ ಇಲ್ಲ. ಪಕ್ಕದಿಂದ, ಎದುರಿನಿಂದ, ಮೇಲಿನಿಂದ, ಮೂರು ಕಡೆಯಿಂದಲೂ ತೆಗೆದ. ಆ ಚಿತ್ರಗಳನ್ನು ನೋಡಿಕೊಂಡು 1887ರಲ್ಲಿ ಅದರ ಭಂಗಿಗಳ ಬೊಂಬೆ ಮಾಡಿದ, ಕಂಚಿನಲ್ಲೂ ಎರಕ ಹೊಯ್ಸಿದ. ಬೊಂಬೆಗಳನ್ನು ತಿರುಗುವ ಡಬ್ಬಿಯಲ್ಲಿಟ್ಟು ಕಿಂಡಿಯಿಂದ ನೋಡಿದರೆ ಹಕ್ಕಿ ನಮಗೆ ಬೇಕಾದಷ್ಟು ನಿಧಾನವಾಗಿ ರೆಕ್ಕೆ ಬಡಿಯುತ್ತಿತ್ತು. 1890ರಲ್ಲಿ ಹಕ್ಕಿಗಳ ಹಾರಾಟದ ಬಗ್ಗೆ ದೊಡ್ಡ ಪುಸ್ತಕವೇ ಬಂತು.

ಸಿನಿಮಾದ ಚರಿತ್ರೆ ಬರೆಯುವವರು ಮಾರೆಯನ್ನು ಲೂಮಿಯೇರ್ ಸೋದರರ ಮನೆಗೆ ಹತ್ತುವ ಮೆಟ್ಟಿಲು ಎನ್ನುವ ಹಾಗೆ ಬರೆಯುತ್ತಾರೆ. ನನಗೆ ಇದು ಒಪ್ಪಿಗೆಯಿಲ್ಲ. ಅವನೂ ಫಿಲ್ಮ್ ಬಳಸಿದ, ನಿಜ. ಆದರೆ ಕಣ್ಣು ಹೇಗೂ ಕಾಣುವುದನ್ನೇ ಪರದೆಯ ಮೇಲೆ ಮತ್ತೆ ತೋರಿಸುವುದರಲ್ಲಿ ಅವನಿಗೆ ರುಚಿಯಿರಲಿಲ್ಲ. ಕಣ್ಣಿಗೆ ಕಾಣದ್ದು ಬೇಕಾಗಿತ್ತು. ಇದನ್ನೇ ವ್ಯಾಪಾರಕ್ಕಿಳಿಸಬೇಕೆಂದು ಹೊರಟ ದೆಮೆನಿಗೂ ಅವನಿಗೂ ಜಗಳವಾಗಿ, 1894ರಲ್ಲಿ ಹನ್ನೆರಡು ವರ್ಷದ ಜೊತೆ ಮುರಿಯಿತು. ಮರುವರ್ಷ ಲೂಮಿಯೇರರು ಪ್ಯಾರಿಸಿನಲ್ಲಿ ಟಿಕೆಟ್ ಹಚ್ಚಿದರು.

ಅವನ ಫಲ ಇನ್ನೊಂದು ಕಡೆ ಬಿಟ್ಟಿತು. ಪ್ರಾಣಿಗಳ ಚಲನೆಯ ಬಗ್ಗೆ 1873ರಲ್ಲಿ ಅವನು ಬರೆದಿದ್ದ ಪುಸ್ತಕ ಇಂಗ್ಲಿಷಿಗೆ ಹೋಗಿ ಅಮೆರಿಕದ ಒಂದು ಮನೆಯಲ್ಲಿತ್ತು. ಅಲ್ಲಿ ವಿಲ್ಬರ್ ರೈಟ್ ಅದನ್ನು ಮತ್ತೆ ಮತ್ತೆ ಓದಿದ್ದ. ರೈಟ್ ಸೋದರರ ವಿಮಾನ ನೆಲ ಬಿಟ್ಟದ್ದು 1903ರ ಡಿಸೆಂಬರ್ 17ರಂದು.

ಅಷ್ಟರಲ್ಲಿ ಮಾರೆ ಹಕ್ಕಿಯನ್ನೂ ದಾಟಿ ಗಾಳಿಗೇ ಬಂದಿದ್ದ. ಗಾಜಿನ ಪೆಟ್ಟಿಗೆಯೊಳಗೆ ಹೊಗೆಯ ಎಳೆಗಳನ್ನು ಸಾಲಾಗಿ ಹರಿಯಬಿಟ್ಟು, ಅಡ್ಡಲಾಗಿ ಒಂದು ಹಲಗೆ ಇಟ್ಟು, ಆ ಎಳೆಗಳು ಬಾಗಿ ಸೀಳಿ ಸುಳಿಯಾಗುವುದನ್ನು ಫೋಟೋ ತೆಗೆಯುತ್ತಿದ್ದ. 1904ರ ಮೇ ತಿಂಗಳಲ್ಲಿ ಪ್ಯಾರಿಸಿನಲ್ಲಿ ತೀರಿಕೊಂಡ.