ರಾಣಿ ಆರ್ಟೆಮೀಸಿಯಾ

ಏಷ್ಯಾ ಮೈನರಿನ ಹಾಲಿಕಾರ್ನಾಸಸ್ ಪಟ್ಟಣದ ಆರ್ಟೆಮೀಸಿಯಾ ರಾಣಿಯು ಪತಿಯು ಗತಿಸಿದ ಬಳಿಕ ತಾನೇ ರಾಜ್ಯಭಾರವನ್ನು ವಹಿಸಿದಳು. ಕ್ರಿ.ಪೂ. 480ರಲ್ಲಿ ಪಾರಸಿಕ ಚಕ್ರವರ್ತಿ ಕ್ಸರ್ಕ್ಸೀಸನು ಗ್ರೀಕರ ಮೇಲೆ ದಂಡೆತ್ತಿದಾಗ ಆಕೆಯೂ 5 ನೌಕೆಗಳೊಡನೆ ಹೊರಟಳು. ಫಿನೀಷಿಯ, ಈಜಿಪ್ಟ್, ಸೈಪ್ರಸ್ ಮೊದಲಾದ ದೇಶಗಳಿಂದ ನೆರೆದ ಯುದ್ಧನೌಕೆಗಳು 1,207 ಎಂದು ಹೆರೊಡೋಟಸನು ಬರೆದಿರುವನು. ಇದು ಅತಿಶಯವೆಂದು ಅನೇಕ ವಿದ್ವಾಂಸರ ಮತ. ಸಾಲಮಿಸಿನಲ್ಲಿ ನೌಕಾಯುದ್ಧವು ಬೇಡವೆಂದು ನಾಯಕರೊಳಗೆ ಆಕೆಯೊಬ್ಬಳೇ ಬಿನ್ನವಿಸಿದಳು. ಅರಸನು ಮೆಚ್ಚಿದರೂ ಬಹುಜನರ ಮಾತನ್ನೇ ಹಿಡಿದನು. ಇಕ್ಕಟ್ಟಾದ ಜಲಸಂಧಿಯಲ್ಲಿ ಅವನ ಹಡಗುಗಳು ಒಂದಕ್ಕೊಂದು ತೊಡಕಿಕೊಂಡುವು. ಸುಮಾರು 380 ನೌಕೆಗಳ ಗ್ರೀಕರು ಗೆದ್ದರು. ಪ್ರಾಣಭಯದಿಂದ ಸ್ವಪಕ್ಷದ ಹಡಗೊಂದನ್ನು ಆಕೆಯು ಮುಳುಗಿಸಿದ್ದು ಕಳಂಕವೇ ಸರಿ. ಆದರೂ ಸೋತ ಅರಸನು ಈ ಸಲ ಆಕೆಯ ಆಲೋಚನೆಯಂತೆಯೇ ಹಿಂದಿರುಗಿ, ತನ್ನ ಕೆಲವು ಮಕ್ಕಳನ್ನು ಎಫೆಸಸಿಗೆ ಮುಟ್ಟಿಸುವ ಭಾರವನ್ನು ಆಕೆಗೇ ಒಪ್ಪಿಸಿದನು.